ಪರದೆಯ ಮುಂದಿನ ಅರಿಕೆ: ಕುಡಿತ ತಗ್ಗಿಸುವ ಅಂತರ್ಜಾಲ ಕಾರ್ಯಕ್ರಮಗಳೂ ಸಭೆಯ ಪಾಲನಾ ಸೇವೆಯೂ

ಮದ್ಯಪಾನದ ವಿಷಯವು ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಎರಡು ಸ್ಥಳಗಳಲ್ಲಿ ಕೇಳಿಬರುತ್ತದೆ: ಪ್ರಸಂಗಪೀಠದಲ್ಲಿ ಖಂಡನೆಯಾಗಿ, ಮನೆಗಳಲ್ಲಿ ಪಿಸುಮಾತಾಗಿ. ಕುಡಿಯುವ ಮನುಷ್ಯನು ತನ್ನ ಕುಡಿತವನ್ನು ಕುರಿತು ತಾನೇ ನಿಜವನ್ನು ನುಡಿಯಲು ಈ ಎರಡು ಸ್ಥಳಗಳಲ್ಲಿಯೂ ಅವಕಾಶ ಕಡಿಮೆ. ಆತನು ಸಭಾಪಾಲಕರಿಂದ ಮರೆಯಾಗಿರುತ್ತಾನೆ, ವೈದ್ಯರಿಗೆ ಪ್ರಮಾಣವನ್ನು ಅರ್ಧಕ್ಕಿಳಿಸಿ ಹೇಳುತ್ತಾನೆ, ಕರ್ತನ ಭೋಜನದ ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತು ಮೆಲ್ಲನೆ ಎದ್ದುಹೋಗುತ್ತಾನೆ. ಇಂಥವರು ಯಾವ ಮನುಷ್ಯನಿಗೂ ಹೇಳದ ಸಂಗತಿಯನ್ನು ಒಂದು ಯಂತ್ರದ ಪರದೆಯ ಮುಂದೆ ಹೇಳಿಕೊಳ್ಳುತ್ತಿರುವುದು ಕಳೆದ ಎರಡು ದಶಕಗಳ ಬೆಳವಣಿಗೆ. ಕುಡಿತವನ್ನು ತಗ್ಗಿಸಿಕೊಳ್ಳಲು ವಯಸ್ಕರಿಗೆ ನೆರವಾಗುವ ಅಂತರ್ಜಾಲ ಕಾರ್ಯಕ್ರಮಗಳು ಎಂದರೇನು, ಅವು ಎಷ್ಟರ ಮಟ್ಟಿಗೆ ಫಲಕಾರಿ, ದೇವಶಾಸ್ತ್ರದ ದೃಷ್ಟಿಯಲ್ಲಿ ಅವುಗಳ ಬೆಲೆಯೇನು, ಅವುಗಳ ಎಲ್ಲೆಯಲ್ಲಿ ಸಭೆಯ ಹೊಣೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸುತ್ತೇವೆ.

ಈ ವಿಚಾರವು ನಮಗೆ ದೂರದ್ದಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುತ್ತಾರೆ. ಇವರಲ್ಲಿ ಸುಮಾರು 5.7 ಕೋಟಿ ಜನರ ಕುಡಿತವು ನೆರವು ಬೇಕಾಗುವಷ್ಟು ಹಾನಿಕರವಾಗಿದೆ. ಆ ಪೈಕಿ ಸುಮಾರು 2.9 ಕೋಟಿ ಜನ ಮದ್ಯಕ್ಕೆ ಅವಲಂಬಿತರಾಗಿದ್ದಾರೆ. ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿದೆ ಎಂಬ ಮಾತು ಆ ವರದಿಯಲ್ಲಿದೆ. ಉಳಿದ 37 ಜನರಲ್ಲಿ ನಮ್ಮ ಸಭೆಗಳ ಸದಸ್ಯರೂ ಸೇರಿದ್ದಾರೆಂಬುದನ್ನು ಅಲ್ಲಗಳೆಯುವ ಧೈರ್ಯ ಯಾವ ಸಭಾಪಾಲಕರಿಗೂ ಇರಲಾರದು.

1. ಕಾರ್ಯಕ್ರಮಗಳ ಸ್ವರೂಪ

ಈ ಬಗೆಯ ಹೆಚ್ಚಿನ ಕಾರ್ಯಕ್ರಮಗಳು ಪ್ರಶ್ನಾವಳಿಯೊಂದರಿಂದ ಆರಂಭವಾಗುತ್ತವೆ. ಅವುಗಳಲ್ಲಿ ಬಹು ಪ್ರಚಲಿತವಾದದ್ದು ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿ 1989ರಲ್ಲಿ ಮೊದಲು ಪ್ರಕಟಿಸಿದ ‘ಆಡಿಟ್’ ಎಂಬ ಪರೀಕ್ಷೆ. ಇದರಲ್ಲಿ 10 ಪ್ರಶ್ನೆಗಳಿವೆ. ಮೊದಲ ಮೂರು ಕುಡಿತದ ಪ್ರಮಾಣವನ್ನೂ ಆವರ್ತನವನ್ನೂ, ನಂತರದ ಮೂರು ಅವಲಂಬನೆಯ ಲಕ್ಷಣಗಳನ್ನೂ, ಕೊನೆಯ ನಾಲ್ಕು ಕುಡಿತದಿಂದಾದ ಹಾನಿಯನ್ನೂ ಕೇಳುತ್ತವೆ. ಒಟ್ಟು 40 ಅಂಕಗಳಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಎಚ್ಚರಿಕೆಯ ಗುರುತು. 20ನ್ನು ಮುಟ್ಟಿದರೆ ಅವಲಂಬನೆಯ ಸಂಭವವಿದ್ದು ವೈದ್ಯರನ್ನು ಕಾಣಬೇಕಾಗುತ್ತದೆ.

ಎರಡನೆಯ ಹೆಜ್ಜೆ ಲೆಕ್ಕ. 10 ಗ್ರಾಮ್ ಶುದ್ಧ ಮದ್ಯಸಾರವನ್ನು ಒಂದು ಅಳತೆಯೆಂದು ಇಟ್ಟುಕೊಂಡರೆ, ನಮ್ಮಲ್ಲಿ ಮಾರಾಟವಾಗುವ ವಿಸ್ಕಿ ಅಥವಾ ಬ್ರಾಂದಿಯ 30 ಮಿಲಿಲೀಟರ್ ಸುಮಾರು ಒಂದು ಅಳತೆಯಾಗುತ್ತದೆ. ಜನರು ‘ಕ್ವಾರ್ಟರ್’ ಎಂದು ಕರೆಯುವ 180 ಮಿಲಿಲೀಟರ್ ಬಾಟಲಿಯಲ್ಲಿ ಆರು ಅಳತೆಗಳಿವೆ. ಶೇ. 8ರಷ್ಟು ಮದ್ಯಸಾರವುಳ್ಳ 650 ಮಿಲಿಲೀಟರ್ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ನಾಲ್ಕು. ‘ಬರೀ ಬಿಯರ್ ತಾನೇ’ ಎನ್ನುವವನಿಗೆ ಈ ಲೆಕ್ಕವೇ ಮೊದಲ ಆಶ್ಚರ್ಯ. ಕಾರ್ಯಕ್ರಮವು ಆತನ ಉತ್ತರಗಳನ್ನು ಕೂಡಿಸಿ, ಅವನದೇ ವಯಸ್ಸಿನ ಇತರರೊಡನೆ ಹೋಲಿಸಿ, ವಾರದ ಒಟ್ಟು ಪ್ರಮಾಣವನ್ನು ಅವನ ಕಣ್ಣಮುಂದೆ ಇಡುತ್ತದೆ.

ಆಮೇಲೆ ಅಭ್ಯಾಸದ ಭಾಗ ಬರುತ್ತದೆ. ಪ್ರತಿದಿನದ ಕುಡಿತವನ್ನು ದಿನಚರಿಯಲ್ಲಿ ಬರೆದಿಡುವುದು. ಗುರಿಯನ್ನು ತಾನೇ ಗೊತ್ತುಮಾಡುವುದು. ಯಾವ ಹೊತ್ತು, ಯಾವ ಸಂಗಡಿಗರು, ಯಾವ ಮನಃಸ್ಥಿತಿ ತನ್ನನ್ನು ಗ್ಲಾಸಿನ ಕಡೆಗೆ ಒಯ್ಯುತ್ತದೆಂದು ಗುರುತಿಸುವುದು. ಮದುವೆಮನೆಯಲ್ಲೋ ಸಂಬಳದ ದಿನವೋ ಒತ್ತಾಯಿಸುವವರಿಗೆ ಏನು ಹೇಳಬೇಕೆಂದು ಮುಂಚಿತವಾಗಿ ಸಿದ್ಧಮಾಡಿಕೊಳ್ಳುವುದು. ಒಂದು ದಿನ ಎಡವಿದರೆ ಮರುದಿನ ಮತ್ತೆ ಹೇಗೆ ಆರಂಭಿಸಬೇಕೆಂದು ಕಲಿಯುವುದು. ಕೆಲವು ಕಾರ್ಯಕ್ರಮಗಳು ಒಂದೇ ಬೈಠಕಿನಲ್ಲಿ ಮುಗಿಯುತ್ತವೆ, ಕೆಲವು ಆರು ವಾರಗಳಿಗೂ ಮೀರಿ ನಡೆಯುತ್ತವೆ. ಕೆಲವು ಸಂಪೂರ್ಣವಾಗಿ ಯಾಂತ್ರಿಕ. ಕೆಲವುಗಳಲ್ಲಿ ತರಬೇತಿ ಹೊಂದಿದ ಆಪ್ತಸಮಾಲೋಚಕರು ಬರಹದ ಮೂಲಕ ಉತ್ತರಿಸುತ್ತಾರೆ.

ಇವುಗಳ ಮಾತಿನ ಧಾಟಿಯನ್ನು ಗಮನಿಸಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ, ಕುಡಿಯುವವನನ್ನು ಎದುರುಹಾಕಿಕೊಂಡು ತಪ್ಪೊಪ್ಪಿಸುವ ರೂಢಿಯ ಬದಲು, ಬದಲಾಗಬೇಕೆಂಬ ಅವನದೇ ಬಯಕೆಯನ್ನು ಅವನ ಬಾಯಿಂದಲೇ ಹೊರಡಿಸುವ ಸಂಭಾಷಣಾ ಕ್ರಮವನ್ನು ವಿವರಿಸಿದರು. ಹೆಚ್ಚಿನ ಅಂತರ್ಜಾಲ ಕಾರ್ಯಕ್ರಮಗಳು ಈ ಕ್ರಮಕ್ಕೆ ಋಣಿಯಾಗಿವೆ. ತಪ್ಪಿನಲ್ಲಿ ಸಿಕ್ಕಿದವನನ್ನು ಶಾಂತಭಾವದಿಂದ ತಿದ್ದಿ ಸರಿಮಾಡಬೇಕೆಂದು ಗಲಾತ್ಯದ ಸಭೆಗಳಿಗೆ ಪೌಲನು ಕೊಟ್ಟ ಅಪ್ಪಣೆಯನ್ನು ಬಲ್ಲ ನಮಗೆ ಈ ಧಾಟಿಯು ಅಪರಿಚಿತವಾಗಬಾರದು.

2. ಪರೀಕ್ಷೆಗಳು ತೋರಿಸಿದ್ದು

ನೆದರ್‌ಲ್ಯಾಂಡ್ಸ್‌ನ ‘ಮಿಂಡರ್ ಡ್ರಿಂಕೆನ್’, ಅಂದರೆ ‘ಕಡಿಮೆ ಕುಡಿಯುವುದು’ ಎಂಬ ಕಾರ್ಯಕ್ರಮದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಮಿತಿಮೀರಿ ಕುಡಿಯುತ್ತಿದ್ದ 261 ವಯಸ್ಕರಲ್ಲಿ ಒಂದು ಗುಂಪಿಗೆ ಈ ಕಾರ್ಯಕ್ರಮವನ್ನೂ ಇನ್ನೊಂದಕ್ಕೆ ಕೇವಲ ಮಾಹಿತಿಪತ್ರವನ್ನೂ ಕೊಡಲಾಗಿತ್ತು. ಆರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇ. 17.2ರಷ್ಟು ಜನ ಆ ದೇಶದ ಆರೋಗ್ಯ ಮಿತಿಯೊಳಕ್ಕೆ ಇಳಿದಿದ್ದರು, ಎರಡನೆಯದರಲ್ಲಿ ಶೇ. 5.4 ಮಾತ್ರ. ಇದು ಫಲವೇ ಸರಿ. ಆದರೆ ಕಾರ್ಯಕ್ರಮವನ್ನು ಪಡೆದ ಪ್ರತಿ ಆರು ಜನರಲ್ಲಿ ಐವರು ಆ ಮಿತಿಯನ್ನು ಮುಟ್ಟಲಿಲ್ಲವೆಂಬುದೂ ಅದೇ ಅಂಕಿಯಲ್ಲಿದೆ.

ಬ್ರಿಟನ್ನಿನ ‘ಡೌನ್ ಯುವರ್ ಡ್ರಿಂಕ್’ ಕಾರ್ಯಕ್ರಮದ ಪರೀಕ್ಷೆ ಬೇರೊಂದು ಪಾಠ ಕಲಿಸಿತು. 2011ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ 7,935 ಜನರಿದ್ದರು. ಕಾರ್ಯಕ್ರಮ ಪಡೆದವರೂ ಬರೀ ಮಾಹಿತಿ ಪಡೆದವರೂ ತಮ್ಮ ಕುಡಿತವನ್ನು ಗಣನೀಯವಾಗಿ ತಗ್ಗಿಸಿದರು, ಆದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಇಂಥ ತಾಣವನ್ನು ಹುಡುಕಿ ಬರುವವನು ಅದಾಗಲೇ ಬದಲಾವಣೆಯ ಹೊಸ್ತಿಲಲ್ಲಿರುವವನು ಎಂಬುದು ಒಂದು ವಿವರಣೆ. ‘ಎಷ್ಟು ಕುಡಿಯುತ್ತೀರಿ’ ಎಂದು ಕೇಳಿಸಿಕೊಂಡು ಪ್ರಾಮಾಣಿಕವಾಗಿ ಉತ್ತರಿಸುವುದೇ ಒಂದು ಚಿಕಿತ್ಸೆ ಎಂಬುದು ಇನ್ನೊಂದು.

2017ರ ಕಾಕ್ರೇನ್ ಪರಾಮರ್ಶೆಯು 57 ಅಧ್ಯಯನಗಳನ್ನು ಪರಿಶೀಲಿಸಿತು. ಯಾವ ನೆರವೂ ಇಲ್ಲದವರಿಗಿಂತ ಅಥವಾ ಅತ್ಯಲ್ಪ ನೆರವು ಪಡೆದವರಿಗಿಂತ, ಡಿಜಿಟಲ್ ನೆರವು ಪಡೆದವರು ವಾರಕ್ಕೆ ಸರಾಸರಿ 23 ಗ್ರಾಮ್ ಮದ್ಯಸಾರವನ್ನು ಕಡಿಮೆ ಕುಡಿದರು. ನಮ್ಮ ಲೆಕ್ಕದಲ್ಲಿ ಇದು 30 ಮಿಲಿಲೀಟರಿನ ಎರಡು ಪೆಗ್ಗುಗಳಿಗಿಂತ ತುಸು ಹೆಚ್ಚು. ಒಬ್ಬನ ಜೀವನದಲ್ಲಿ ಇದು ಅಲ್ಪವೆನಿಸಬಹುದು. ಲಕ್ಷಾಂತರ ಜನರ ಆರೋಗ್ಯದಲ್ಲಿ ಅಲ್ಪವಲ್ಲ. ಮರುವರ್ಷ 19 ಪರೀಕ್ಷೆಗಳ 14,198 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ಇನ್ನೊಂದು ವಿಶ್ಲೇಷಣೆಯು ಒಂದು ಮುಖ್ಯ ಸಂಗತಿಯನ್ನು ಹೊರಗೆಡವಿತು: ಪೂರ್ತಿ ಯಾಂತ್ರಿಕವಾದ ಕಾರ್ಯಕ್ರಮಗಳಿಗಿಂತ, ಮನುಷ್ಯರೊಬ್ಬರ ಬೆಂಬಲವಿದ್ದ ಕಾರ್ಯಕ್ರಮಗಳು ಹೆಚ್ಚು ಫಲ ಕೊಟ್ಟವು.

ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳವು. ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯೊಂದು ಭಾರತ, ಬ್ರೆಜಿಲ್, ಮೆಕ್ಸಿಕೊ ಮತ್ತು ಬೆಲಾರೂಸ್‌ಗಳಲ್ಲಿ ಇದೇ ಬಗೆಯ ಸ್ವಸಹಾಯ ತಾಣವನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ನೀಡಿತು. ಸರದಿಗಾಗಿ ಕಾದವರಿಗಿಂತ ತಾಣವನ್ನು ಬಳಸಿದವರ ಕುಡಿತ ಹೆಚ್ಚು ಇಳಿಯಿತು. ಆದರೆ ಅರ್ಧದಲ್ಲೇ ಕೈಬಿಟ್ಟವರ ಸಂಖ್ಯೆ ದೊಡ್ಡದಿತ್ತು, ಮತ್ತು ಇದು ಈ ಕ್ಷೇತ್ರದ ಬಹುತೇಕ ಪರೀಕ್ಷೆಗಳ ಕೊರತೆ. ನಮ್ಮ ನೆರೆಯ ಗೋವೆಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇದಕ್ಕೆ ಪೂರಕವಾಗಿ ನಿಲ್ಲುತ್ತದೆ. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಹಾನಿಕರವಾಗಿ ಕುಡಿಯುತ್ತಿದ್ದ ಪುರುಷರೊಡನೆ ತರಬೇತಿ ಪಡೆದ ಸಾಮಾನ್ಯ ಜನರು ನಾಲ್ಕು ಬಾರಿಯವರೆಗೆ ಕುಳಿತು ಮಾತಾಡಿದರು. ಮೂರು ತಿಂಗಳಲ್ಲಿ ಇವರ ಪೈಕಿ ಶೇ. 36ರಷ್ಟು ಜನ ಸುರಕ್ಷಿತ ಮಟ್ಟಕ್ಕೆ ಬಂದರು. ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ. 26. ಮಾತಾಡಿದವರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ ಎಂಬುದು ಸಭೆಯು ಗಮನಿಸಬೇಕಾದ ಅಂಶ.

3. ಸೇವಕಿಯ ನುಡಿ ಮತ್ತು ರೂಢಿಯ ಸಂಕೋಲೆ

ಈ ಅಂಕಿಗಳನ್ನು ದೇವಶಾಸ್ತ್ರದ ಬೆಳಕಿನಲ್ಲಿ ನೋಡಲು ಹಿಪ್ಪೋ ಪಟ್ಟಣದ ಅಗಸ್ಟೀನನ ‘ಅರಿಕೆಗಳು’ ಗ್ರಂಥವು ನಮಗೆ ನೆರವಾಗುತ್ತದೆ. ಒಂಬತ್ತನೆಯ ಪುಸ್ತಕದಲ್ಲಿ ಆತನು ತನ್ನ ತಾಯಿ ಮೋನಿಕಾಳ ಬಾಲ್ಯದ ಸಂಗತಿಯೊಂದನ್ನು ಹೇಳುತ್ತಾನೆ. ಪೀಪಾಯಿಯಿಂದ ದ್ರಾಕ್ಷಾರಸವನ್ನು ತೆಗೆದುತರಲು ತಂದೆತಾಯಿಗಳು ಅವಳನ್ನು ಕಳುಹಿಸುತ್ತಿದ್ದರು. ಮೊದಲು ತುಟಿಗೆ ತಾಕುವಷ್ಟು, ದಿನದಿನಕ್ಕೆ ಸ್ವಲ್ಪ ಹೆಚ್ಚು, ಕೊನೆಗೆ ಬಟ್ಟಲು ತುಂಬ ಕುಡಿಯುವವರೆಗೆ ಅವಳ ಅಭ್ಯಾಸ ಬೆಳೆಯಿತು. ಜತೆಯಲ್ಲಿ ಹೋಗುತ್ತಿದ್ದ ಸೇವಕಿಯು ಒಂದು ದಿನ ಜಗಳದ ನಡುವೆ ಅವಳನ್ನು ಕುಡುಕಿಯೆಂದು ಮೂದಲಿಸಿದಳು. ಆ ನುಡಿಯಿಂದ ನೊಂದ ಮೋನಿಕಾ ತನ್ನ ಸ್ಥಿತಿಯನ್ನು ಕಂಡುಕೊಂಡು ಅಂದೇ ಅಭ್ಯಾಸವನ್ನು ಬಿಟ್ಟಳು. ಸೇವಕಿಯ ಉದ್ದೇಶ ಗುಣಪಡಿಸುವುದಾಗಿರದೆ ನೋಯಿಸುವುದಾಗಿತ್ತೆಂದು ಅಗಸ್ಟೀನನು ಒಪ್ಪುತ್ತಾನೆ. ಆದರೂ ಗುಣವಾದದ್ದಕ್ಕೆ ಆತನು ದೇವರಿಗೇ ಸ್ತೋತ್ರ ಸಲ್ಲಿಸುತ್ತಾನೆ.

ಸತ್ಯವನ್ನು ತೋರಿಸುವ ಸಾಧನವು ಭಕ್ತಿಯುಳ್ಳದ್ದೇ ಆಗಿರಬೇಕೆಂಬ ನಿಯಮ ದೇವರ ಕೃಪೆಗೆ ಇಲ್ಲ. ಕೋಪದ ಬಾಯಿಂದ ಹೊರಟ ಮಾತು ಮೋನಿಕಾಳಿಗೆ ಕನ್ನಡಿಯಾಗಬಹುದಾದರೆ, ದೇವರ ಹೆಸರನ್ನೇ ಎತ್ತದ ಹತ್ತು ಪ್ರಶ್ನೆಗಳ ಪರೀಕ್ಷೆಯೂ ಒಬ್ಬನಿಗೆ ಕನ್ನಡಿಯಾಗಬಹುದು. ಹೀಗಿರುವಲ್ಲಿ, ಇಂಥ ಕಾರ್ಯಕ್ರಮಗಳನ್ನು ಲೌಕಿಕವೆಂದು ತಳ್ಳಿಬಿಡುವುದು ಸೃಷ್ಟಿಕರ್ತನ ಸಾಮಾನ್ಯ ಕೃಪೆಯನ್ನು ಕಿರಿದುಮಾಡಿದಂತೆ.

ಆದರೆ ಎಂಟನೆಯ ಪುಸ್ತಕದಲ್ಲಿ ಅದೇ ಅಗಸ್ಟೀನನು ತನ್ನ ಸ್ವಂತ ದಾಸತ್ವವನ್ನು ಬಣ್ಣಿಸುವಾಗ ಚಿತ್ರ ಬದಲಾಗುತ್ತದೆ. ವಕ್ರವಾದ ಚಿತ್ತದಿಂದ ಆಶೆ ಹುಟ್ಟಿತು, ಆಶೆಗೆ ಸೇವೆಮಾಡಿದ್ದರಿಂದ ರೂಢಿ, ರೂಢಿಯನ್ನು ಎದುರಿಸದಿದ್ದರಿಂದ ಅನಿವಾರ್ಯತೆ; ಒಂದಕ್ಕೊಂದು ಹೆಣೆದ ಕೊಂಡಿಗಳಂತೆ ಇವು ತನ್ನನ್ನು ಬಿಗಿದವೆಂದು ಆತನು ಹೇಳುತ್ತಾನೆ. ಇಲ್ಲಿ ಒಂದು ಮಾತಿನ ಏಟು ಸಾಲಲಿಲ್ಲ. ಸಿಂಪ್ಲಿಸಿಯಾನನ ಉಪದೇಶ, ಪೊಂಟಿಸಿಯಾನನು ಹೇಳಿದ ಸಾಕ್ಷಿ, 386ರಲ್ಲಿ ಮಿಲಾನಿನ ತೋಟದಲ್ಲಿ ಮೌನವಾಗಿ ಹತ್ತಿರವಿದ್ದ ಗೆಳೆಯ ಅಲಿಪಿಯಸನ ಸಾನ್ನಿಧ್ಯ, ಇವೆಲ್ಲವನ್ನೂ ಕೃಪೆಯು ಬಳಸಿಕೊಂಡಿತು.

ತಾಯಿಮಗನ ಈ ಎರಡು ವೃತ್ತಾಂತಗಳ ನಡುವಿನ ಅಂತರವು ವೈದ್ಯಶಾಸ್ತ್ರವು ಹಾನಿಕರ ಕುಡಿತ ಮತ್ತು ಅವಲಂಬನೆಗಳ ನಡುವೆ ಕಾಣುವ ಅಂತರವನ್ನು ಹೋಲುತ್ತದೆ. ಅಂತರ್ಜಾಲ ಕಾರ್ಯಕ್ರಮಗಳು ಮುಖ್ಯವಾಗಿ ಮೊದಲನೆಯ ಬಗೆಯವರಿಗೆ ರಚಿತವಾದವು. ಸಂಕೋಲೆಯು ಬಿಗಿದವರಿಗೆ ಅವು ಬಾಗಿಲನ್ನು ತೋರಿಸಬಲ್ಲವು. ಹೊರಗೆ ಕರೆತರಲು ಹೆಚ್ಚಿನ ನೆರವು ಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಬರೆಯಲೇಬೇಕು. ದೀರ್ಘಕಾಲ ಪ್ರತಿದಿನ ಹೆಚ್ಚು ಕುಡಿದವನು ಏಕಾಏಕಿ ಪೂರ್ತಿ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್, ಇಲ್ಲದ್ದನ್ನು ಕಾಣುವ ಭ್ರಾಂತಿ ಉಂಟಾಗಬಹುದು, ಪ್ರಾಣಾಪಾಯವೂ ಇದೆ. ಆದಕಾರಣ ಪ್ರಾರ್ಥನಾಕೂಟದಲ್ಲಿ ಇಂದೇ ಬಿಡುವೆನೆಂದು ಪ್ರತಿಜ್ಞೆ ಮಾಡಿಸಿ ಅಂಥವನನ್ನು ಒಂಟಿಯಾಗಿ ಮನೆಗೆ ಕಳುಹಿಸುವುದು ಸಲ್ಲದು. ಪ್ರಾರ್ಥನೆಯೂ ಇರಲಿ, ವೈದ್ಯರ ಮೇಲ್ವಿಚಾರಣೆಯೂ ಇರಲಿ.

4. ಇನ್ನೊಬ್ಬ ಮನುಷ್ಯನ ಮುಂದೆ

ಪರದೆಯ ಮುಂದೆ ನಾಚಿಕೆಯಿಲ್ಲ. ಅದರ ಬಲವೂ ಅದೇ, ಕೊರತೆಯೂ ಅದೇ. ನಾಚಿಕೆಯಿಲ್ಲದ್ದರಿಂದ ಮನುಷ್ಯನು ನಿಜವಾದ ಸಂಖ್ಯೆಯನ್ನು ಬರೆಯುತ್ತಾನೆ. ಆದರೆ ನಾಚಿಕೆಯಲ್ಲಿರುವವನನ್ನು ಅಪ್ಪಿಕೊಳ್ಳುವ ತೋಳು ಪರದೆಗಿಲ್ಲ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಬೇಕೆಂದು ಯಾಕೋಬನು ಬೋಧಿಸುವಾಗ, ಸ್ವಸ್ಥತೆಯನ್ನು ಆ ಪರಸ್ಪರತೆಯೊಂದಿಗೇ ಜೋಡಿಸುತ್ತಾನೆ. ಮನುಷ್ಯರ ಬೆಂಬಲವಿದ್ದ ಕಾರ್ಯಕ್ರಮಗಳು ಹೆಚ್ಚು ಫಲಿಸಿದವೆಂಬ ಸಂಶೋಧನೆಯು ಈ ಬೋಧನೆಗೆ ಪುರಾವೆಯೆಂದು ನಾವು ಹೇಳುವುದಿಲ್ಲ. ಸತ್ಯವೇದವು ಅಂಕಿಅಂಶಗಳ ಆಸರೆಯನ್ನು ಬೇಡುವುದಿಲ್ಲ. ಆದರೂ ಎರಡೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ.

‘ಆಲ್ಕೊಹಾಲಿಕ್ಸ್ ಅನಾನಿಮಸ್’ ಬಳಗದ ಆರಂಭದಲ್ಲಿಯೂ ಇದೇ ಕಾಣುತ್ತದೆ. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಪಟ್ಟಣದ ಹೋಟೆಲೊಂದರಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಮತ್ತೆ ಕುಡಿಯುವ ಸೆಳೆತಕ್ಕೆ ಸಿಕ್ಕಿದ್ದರು. ಅವರು ಪಾನಗೃಹದ ಕಡೆಗೆ ಹೋಗದೆ ಟೆಲಿಫೋನಿನ ಕಡೆಗೆ ತಿರುಗಿ, ಆ ಊರಿನ ಒಬ್ಬ ಪಾದ್ರಿಗೆ ಕರೆಮಾಡಿದರು. ಆ ಪಾದ್ರಿ ಕೊಟ್ಟ ಪರಿಚಯಗಳ ಮೂಲಕ ಇನ್ನೊಬ್ಬ ಮದ್ಯವ್ಯಸನಿಯಾದ ವೈದ್ಯ ಬಾಬ್ ಸ್ಮಿತ್ ಅವರ ಭೇಟಿಯಾಯಿತು. ಆ ಭೇಟಿಯಿಂದ ಬಳಗವೇ ಹುಟ್ಟಿತು. ಅದರ ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದು ತನ್ನ ತಪ್ಪುಗಳನ್ನು ದೇವರಿಗೂ ತನಗೂ ಮಾತ್ರವಲ್ಲದೆ ಇನ್ನೊಬ್ಬ ಮನುಷ್ಯನಿಗೂ ಒಪ್ಪಿಕೊಳ್ಳುವುದಾಗಿದೆ. ಟೆಲಿಫೋನು ಆ ದಿನದ ತಂತ್ರಜ್ಞಾನ. ಅದು ಮನುಷ್ಯನಿಂದ ಮನುಷ್ಯನಿಗೆ ದಾರಿಯಾಯಿತು, ಏಕೆಂದರೆ ಆ ತುದಿಯಲ್ಲಿ ಕರೆಯನ್ನು ತೆಗೆದುಕೊಂಡ ಪಾದ್ರಿಯೊಬ್ಬರಿದ್ದರು.

ನಮ್ಮ ಸಭೆಗಳಲ್ಲಿ ಆ ತುದಿಯಲ್ಲಿ ಯಾರಿದ್ದಾರೆ? ಹನ್ನಳು ಮನಕರಗಿ ಪ್ರಾರ್ಥಿಸುತ್ತಿರುವಾಗ ಯಾಜಕನಾದ ಏಲಿಯು ಅವಳನ್ನು ಅಮಲೇರಿದವಳೆಂದು ತಪ್ಪಾಗಿ ತಿಳಿದು ಗದರಿಸಿದನು. ವಿಚಾರಿಸುವುದಕ್ಕೆ ಮುಂಚೆ ತೀರ್ಪುಕೊಟ್ಟ ಆ ಯಾಜಕನು ಅವಳ ಮಾತನ್ನು ಕೇಳಿದ ಮೇಲೆ ಆಶೀರ್ವದಿಸಿದನೆಂಬುದನ್ನು ಮರೆಯಬಾರದು. ಮೊದಲು ಕೇಳುವುದು, ಆಮೇಲೆ ನುಡಿಯುವುದು. ಪಾಲನಾ ಸೇವೆಯ ಈ ಕ್ರಮವನ್ನು ನಾವು ಏಲಿಯ ತಪ್ಪಿನಿಂದಲೂ ಕಲಿಯಬಹುದು.

5. ಮಿತಿಯೋ ವರ್ಜನೆಯೋ

ಹೆಚ್ಚಿನ ಅಂತರ್ಜಾಲ ಕಾರ್ಯಕ್ರಮಗಳು ಕಡಿಮೆಮಾಡುವುದನ್ನೂ ಗುರಿಯಾಗಿ ಒಪ್ಪುತ್ತವೆ. ಸಂಪೂರ್ಣ ವರ್ಜನೆಯನ್ನೇ ಬೋಧಿಸುವ ಸಭೆಗಳಿಗೆ ಇದು ಎಡವುಗಲ್ಲಾಗಬಹುದು. ಸತ್ಯವೇದದಲ್ಲಿ ಎರಡು ಸ್ವರಗಳಿವೆ: ದ್ರಾಕ್ಷಾರಸವನ್ನು ದೇವರ ಕೊಡುಗೆಯಾಗಿ ಕಾಣುವ 104ನೆಯ ಕೀರ್ತನೆ ಮತ್ತು ಕಾನಾ ಊರಿನ ಮದುವೆ ಒಂದೆಡೆ, ನೋಹನ ಬೆತ್ತಲೆತನ, ಕುಡುಕನ ಕೆಂಪೇರಿದ ಕಣ್ಣುಗಳನ್ನು ಚಿತ್ರಿಸುವ ಜ್ಞಾನೋಕ್ತಿಗಳ 23ನೆಯ ಅಧ್ಯಾಯ ಇನ್ನೊಂದೆಡೆ. ಎಲ್ಲಕ್ಕೂ ಸ್ವಾತಂತ್ರ್ಯವಿದ್ದರೂ ಯಾವುದರ ಅಧೀನಕ್ಕೂ ಒಳಗಾಗಲಾರೆನೆಂಬ ಪೌಲನ ನಿಲುವು ಇವೆರಡನ್ನೂ ಕೂಡಿಸುವ ಅಳತೆಗೋಲು. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಹೇಳಿತು. ಅವಲಂಬಿತನಾದವನಿಗೆ ವರ್ಜನೆಯೇ ಭದ್ರವಾದ ಮಾರ್ಗ. ಆದರೆ ವಾರಕ್ಕೆ ಏಳು ದಿನ ಕುಡಿಯುತ್ತಿದ್ದವನು ನಾಲ್ಕು ದಿನಕ್ಕೆ ಇಳಿಸಿದ್ದೇನೆಂದು ಬಂದು ಹೇಳಿದರೆ, ಉಳಿದ ನಾಲ್ಕನ್ನು ಎತ್ತಿಹಿಡಿದು ಆತನನ್ನು ಹಿಂದಕ್ಕೆ ತಳ್ಳುವುದು ಸುವಾರ್ತೆಯ ರೀತಿಯಲ್ಲ. ದೂರದಲ್ಲಿರುವಾಗಲೇ ಮಗನನ್ನು ಕಂಡು ಓಡಿಬಂದ ತಂದೆಯು, ಅವನು ಮನೆಯ ಬಾಗಿಲನ್ನು ಮುಟ್ಟುವವರೆಗೆ ಕಾಯಲಿಲ್ಲ.

ಸ್ವನಿಯಂತ್ರಣದ ಭಾಷೆಯ ಬಗ್ಗೆ ಇನ್ನೊಂದು ಮಾತು. ಗುರಿ, ದಿನಚರಿ, ಅಂಕಗಳ ಮೂಲಕ ಮನುಷ್ಯನು ತನ್ನನ್ನು ತಾನೇ ರಕ್ಷಿಸಿಕೊಳ್ಳುವನೆಂಬ ಭ್ರಮೆಗೆ ಇದು ಎಡೆಮಾಡುವುದೆಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಶಮೆದಮೆಯನ್ನು ಪೌಲನು ಪವಿತ್ರಾತ್ಮನ ಫಲಗಳಲ್ಲಿ ಎಣಿಸಿದ್ದಾನೆ. ಫಲವು ಕೃಪೆಯದಾದರೂ ತೋಟದ ಕೆಲಸವು ಮನುಷ್ಯನದು. ದಿನಚರಿಯು ಕೃಪೆಗೆ ಬದಲಿಯಲ್ಲ, ಕೃಪೆಯು ದಿನಚರಿಯನ್ನು ಬೇಡವೆನ್ನುವುದೂ ಇಲ್ಲ.

6. ಸಭೆಯು ಮಾಡಬಹುದಾದದ್ದು

ಮೊದಲನೆಯದಾಗಿ, ಸಭಾಪಾಲಕರೂ ಹಿರಿಯರೂ ಆ ಹತ್ತು ಪ್ರಶ್ನೆಗಳನ್ನು ತಿಳಿದಿರಲಿ. ಮೊದಲು ತಾವೇ ಅವುಗಳಿಗೆ ಉತ್ತರಿಸಿ ನೋಡಲಿ. ಎರಡನೆಯದಾಗಿ, 2022ರ ಅಕ್ಟೋಬರಿನಲ್ಲಿ ಆರಂಭವಾದ, ಕನ್ನಡದಲ್ಲಿಯೂ ಮಾತಾಡಬಹುದಾದ ‘ಟೆಲಿ ಮಾನಸ್’ ದೂರವಾಣಿ 14416 ಮತ್ತು ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಎಂಬ ಸಂಖ್ಯೆಗಳು ದೇವಾಲಯದ ಸೂಚನಾಫಲಕದಲ್ಲಿ ಇರಲಿ. ಮೂರನೆಯದಾಗಿ, ಓದುಬರಹ ಬಾರದವರಿಗೂ ಮನೆಮಂದಿಗೆಲ್ಲ ಒಂದೇ ಫೋನಿರುವವರಿಗೂ ಪರದೆಯ ಏಕಾಂತವು ದೊರೆಯುವುದಿಲ್ಲ; ಗೋವೆಯಲ್ಲಿ ನಡೆದಂತೆ, ತರಬೇತಿ ಪಡೆದ ಇಬ್ಬರು ಮೂವರು ಸದಸ್ಯರು ಅಂಥವರೊಡನೆ ಕೂರಲಿ, ಕೇಳಿದ್ದನ್ನು ಗುಟ್ಟಾಗಿಡಲಿ. ನಾಲ್ಕನೆಯದಾಗಿ, ಕುಡಿತ ಬಿಟ್ಟವರು ಅಳುಕಿಲ್ಲದೆ ಕರ್ತನ ಮೇಜಿಗೆ ಬರುವಂತೆ ಪಾತ್ರೆಯಲ್ಲಿ ಹುದುಗಿಸದ ದ್ರಾಕ್ಷಾರಸವಿರಲಿ. ಐದನೆಯದಾಗಿ, ಕುಡಿಯುವವನ ಹೆಂಡತಿಮಕ್ಕಳ ಗೋಳನ್ನು ಮೊದಲು ಕೇಳಲಿ. ಹೊಡೆತ ತಿನ್ನುವ ಸ್ತ್ರೀಗೆ ತಾಳ್ಮೆಯನ್ನು ಬೋಧಿಸುವುದು ಶಿಲುಬೆಯ ಬೋಧನೆಯಲ್ಲ. ಅವಳ ಭದ್ರತೆಯೇ ಅಲ್ಲಿ ಮೊದಲ ಕರ್ತವ್ಯ.

‘ಆಡಿಟ್’ ಪರೀಕ್ಷೆಯ ಹತ್ತನೆಯ ಪ್ರಶ್ನೆಯು ಉಳಿದವುಗಳಿಗಿಂತ ಭಿನ್ನವಾದದ್ದು. ಬಂಧುವೋ ಸ್ನೇಹಿತನೋ ವೈದ್ಯನೋ ನಿಮ್ಮ ಕುಡಿತದ ಬಗ್ಗೆ ಚಿಂತಿಸಿ ಕಡಿಮೆಮಾಡಲು ಹೇಳಿದ್ದುಂಟೇ ಎಂದು ಅದು ಕೇಳುತ್ತದೆ. ಅಂದರೆ ಅಷ್ಟು ಹೊತ್ತು ಒಂಟಿಯಾಗಿ ಉತ್ತರಿಸಿದವನನ್ನು ಅದು ಕೊನೆಯಲ್ಲಿ ಅವನ ನೆರೆಯವನ ಕಡೆಗೆ ತಿರುಗಿಸುತ್ತದೆ. ನಮ್ಮ ಸಭೆಯ ಸಹೋದರನೊಬ್ಬನು ಈ ಪ್ರಶ್ನೆಗೆ ‘ಯಾರೂ ಇಲ್ಲ’ ಎಂದು ಗುರುತು ಹಾಕಬೇಕಾಗಿ ಬಂದರೆ, ಒಬ್ಬರ ಭಾರವನ್ನೊಬ್ಬರು ಹೊತ್ತುಕೊಂಡು ಕ್ರಿಸ್ತನ ನಿಯಮವನ್ನು ನೆರವೇರಿಸಬೇಕಾದ ನಾವು ಆ ಉತ್ತರಕ್ಕೆ ಲೆಕ್ಕ ಕೊಡಬೇಕಾದವರಾಗಿದ್ದೇವೆ.